ಹೊಟ್ಟೆಗೆ ಹಾಕಿಕೊಳ್ಳುವ ಊರು

ನಾನು ಒಂದು ಇಡೀ ಮಹಾಕಾವ್ಯವನ್ನು ಒಂದೇ ಪಟ್ಟಿಗೆ ಕೂತು ತಿಂದು ಮುಗಿಸಿದವನು ಸ್ವಾಮಿ. ಪೀಠಿಕೆಯಿಂದ ಹಿಡಿದು ಮಂಗಳದವರೆಗೆ, ನಡುವೆ ಒಂದು ಗುಟುಕು ನೀರನ್ನೂ ಮುಟ್ಟದೆ.

ಸುಳ್ಳು. ಅಷ್ಟೊಂದು ಬಾಯಿ ತೆರೆದು ನೋಡಬೇಡಿ, ನೊಣ ಹೋದೀತು. ಮಹಾಕಾವ್ಯ ತಿಂದವನು ನಾನಲ್ಲ. ನಾನು ತಿಂದದ್ದು ಒಂದು ಸಣ್ಣ ಪದ್ಯದ ಅಂಚು, ಅದೂ ಬಡಿಸುವಾಗ ಸೌಟಿಗೆ ಅಂಟಿಕೊಂಡದ್ದು. ಆದರೆ ಮಹಾಕಾವ್ಯ ತಿಂದವರ ಊರನ್ನು ಕಂಡಿದ್ದೇನೆ, ಅದು ನಿಜ. ಎಲ್ಲಿದೆ ಅಂತ ಕೇಳಿದರೆ ಬೆಟ್ಟದ ಆ ಕಡೆ ಅನ್ನುತ್ತೇನೆ. ಹೋದ ಸಲ ಕೇಳಿದವರಿಗೆ ಹೊಳೆಯ ಈ ಕಡೆ ಅಂದಿದ್ದೆ. ಎರಡೂ ಸರಿ. ಊರಿಗೆ ಹೆಸರಿಲ್ಲ. ಹೆಸರಿಟ್ಟವನು ಯಾವತ್ತೋ "ಹೆಸರು ಅಷ್ಟೇನೂ ಚೆನ್ನಾಗಿಲ್ಲ" ಅಂದುಬಿಟ್ಟನಂತೆ. ಊರಿನವರು ಅದನ್ನೂ ತಿಂದುಬಿಟ್ಟರಂತೆ.

ಹೇಗೆ ಅಂತ ಹೇಳುತ್ತೇನೆ. ನಮ್ಮ ಕಡೆ ಯಾರಾದರೂ ಹಾಡುವ ಮೊದಲು, ಓದುವ ಮೊದಲು, ಕೈಮುಗಿದುಕೊಂಡು ಒಂದು ಮಾತು ಹೇಳುತ್ತಾರಲ್ಲ, "ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ" ಅಂತ? ನಾವೂ ದೊಡ್ಡ ಮನಸ್ಸಿನವರ ಹಾಗೆ ತಲೆಯಾಡಿಸುತ್ತೇವೆ. ಹೊಟ್ಟೆಗೆ ಏನೂ ಹಾಕಿಕೊಳ್ಳುವುದಿಲ್ಲ. ಹೊರಗೆ ಬಂದು ಆ ತಪ್ಪುಗಳನ್ನೆಲ್ಲ ಸಿಕ್ಕಸಿಕ್ಕವರ ಮುಂದೆ ಉಗುಳುತ್ತೇವೆ. ಆ ಊರಿನವರು ನಮ್ಮ ಹಾಗಲ್ಲ, ಮಾತಿಗೆ ನಿಲ್ಲುವ ಜನ. ಹೊಟ್ಟೆಗೆ ಅಂದರೆ ಹೊಟ್ಟೆಗೆ.

ಊರ ನಡುವೆ ಒಂದು ದೊಡ್ಡ ಪಡಸಾಲೆ. ಅದರ ತುದಿಯಲ್ಲಿ ಮೊಣಕಾಲೆತ್ತರದ ಕಟ್ಟೆ, ಕಟ್ಟೆಯ ಕೆಳಗೆ ತಾಮ್ರದ ಹರಿವಾಣ. ಕಟ್ಟೆಯ ಮೇಲೆ ನಿಲ್ಲುವವನು ಹಾಡು ಕಟ್ಟಿದವನು. ಕೆಳಗೆ ಗೋಡೆಯಿಂದ ಗೋಡೆಗೆ ಬಾಳೆಲೆ ಹಾಕಿಕೊಂಡು ಕೂರುವವರು ಕೇಳುಗರು. ಹಾಡಿನ ಸಾಲಿಗೂ ಪಂಕ್ತಿ ಅನ್ನುತ್ತೇವೆ, ಊಟದ ಸಾಲಿಗೂ ಪಂಕ್ತಿ ಅನ್ನುತ್ತೇವೆ. ಎರಡಕ್ಕೂ ಏನು ವ್ಯತ್ಯಾಸ ಅನ್ನುವುದನ್ನು ಅಲ್ಲಿಯವರು ಯಾವಾಗಲೋ ಮರೆತಿದ್ದರು.

ಕಟ್ಟಿದವನು ಕಟ್ಟೆ ಹತ್ತುತ್ತಾನೆ. ಕೈಮುಗಿದು, "ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ" ಅನ್ನುತ್ತಾನೆ. ಆಮೇಲೆ ತನ್ನ ತಪ್ಪುಗಳನ್ನು ಒಂದೊಂದಾಗಿ ಹೇಳುತ್ತಾನೆ. ಹೇಳಿದ ತಪ್ಪು ಹಾಡಿನಿಂದ ಕಳಚಿಕೊಂಡು ಹರಿವಾಣಕ್ಕೆ ಬೀಳುತ್ತದೆ. ಬಡಿಸುವವನು ಬಡಿಸುತ್ತಾನೆ. ಕೇಳುಗರು ತಿನ್ನುತ್ತಾರೆ, ತಿಂದು ತೇಗುತ್ತಾರೆ. ನಮ್ಮಲ್ಲಿ ಚಪ್ಪಾಳೆ ಇರುವ ಹಾಗೆ ಅಲ್ಲಿ ತೇಗು. ತೇಗು ನಿಂತ ಮೇಲೆ ಹಾಡಿನಲ್ಲಿ ಏನು ಉಳಿದಿದೆಯೋ ಅದನ್ನು ಅವನು ಹಾಡಬೇಕು. ಹೇಳಿದ, ಬಿತ್ತು, ಬಡಿಸಿದರು, ತಿಂದರು, ತೇಗಿದರು. ಇಷ್ಟೇ ಅಲ್ಲಿಯ ಕಲಾರಾಧನೆ.

ಅಲ್ಲಿ ಬಡಿಸುತ್ತಿದ್ದವನು ನಾನೇ ಅಂತ ಕೆಲವರು ಹೇಳುತ್ತಾರೆ. ಕೆಲವರು ಅಂದರೆ ನಾನೇ.

ಒಂದು ಮಾತು ನೆನಪಿಟ್ಟುಕೊಳ್ಳಿ. ತಪ್ಪನ್ನು ಕಟ್ಟಿದವನ ಬಾಯೇ ಹೇಳಬೇಕು. ಬೇರೆಯವರು ಗಂಟಲು ಹರಿದುಕೊಂಡು "ಇದು ತಪ್ಪು, ಅದು ತಪ್ಪು" ಅಂತ ಕೂಗಿದರೂ ಹಾಡಿನ ಒಂದು ಅಕ್ಷರ ಅಲುಗುವುದಿಲ್ಲ. ಕಟ್ಟಿದವನು ಮಾತ್ರ, ತಪ್ಪಲ್ಲದ್ದನ್ನು ತಪ್ಪು ಅಂದರೂ ಅದು ಬಿದ್ದೇ ಬೀಳುತ್ತದೆ. ಹರಿವಾಣಕ್ಕೆ ಬುದ್ಧಿಯಿಲ್ಲ. ಅದು ಪರೀಕ್ಷೆ ಮಾಡುವುದಿಲ್ಲ, ಹಿಡಿಯುತ್ತದೆ.

ಮೊದಮೊದಲು ಇದು ಒಳ್ಳೆಯ ಪದ್ಧತಿಯೇ ಆಗಿತ್ತಂತೆ. ನಿಜವಾದ ತಪ್ಪು ಹಾಗಲಕಾಯಿಯ ಹಾಗೆ ಕಹಿ. ಕೇಳುಗರು ಮೂಗು ಹಿಡಿದುಕೊಂಡು, ನೀರು ಕುಡಿದುಕೊಂಡು, ನೆರೆಯವನ ಹಾಡು ನೆಟ್ಟಗಾಗಲಿ ಅಂತ ನುಂಗುತ್ತಿದ್ದರು. ಆಮೇಲೆ ಒಂದು ದಿನ ಒಬ್ಬ ಅಂಜುಬುರುಕ ಕಟ್ಟೆ ಹತ್ತಿದ. ಗಡಗಡ ನಡುಗುತ್ತ ತನ್ನ ಹಾಡಿನ ಅತ್ಯಂತ ಚೆಂದದ ಸಾಲನ್ನೇ "ಇದು ಬರೀ ಹೊಟ್ಟು" ಅಂದುಬಿಟ್ಟ. ಅದು ಬಿತ್ತು. ಬಡಿಸಿದರು, ತಿಂದರು, ಎಲೆಯನ್ನೂ ನೆಕ್ಕಿದರು. ಯಾಕೆಂದರೆ ಅದು ಸಿಹಿಯಾಗಿತ್ತು ಸ್ವಾಮಿ. ಹೋಳಿಗೆಯ ಮೇಲೆ ತುಪ್ಪ ಸುರಿದ ಹಾಗಿತ್ತು. ಅವತ್ತು ಎದ್ದ ತೇಗಿಗೆ ಪಡಸಾಲೆಯ ಹೆಂಚು ಅಲುಗಿದವು.

ಅಲ್ಲಿಂದ ಕಹಿ ಯಾರಿಗೆ ಬೇಕು? ಹಾಡು ಕಟ್ಟುವವರೆಲ್ಲ ಹಾಡು ಬಿಟ್ಟು ಅರಿಕೆ ಕಟ್ಟುವುದನ್ನು ಕಲಿತರು. "ನಾನೇನು ಮಹಾ", "ಏನೋ ಸುಮ್ಮನೆ ಗೀಚಿದ್ದು", "ತಮ್ಮಂಥವರ ಮುಂದೆ ನಂದೊಂದು ಹಾಡೇ?" ಹಾಡು ನಾಕು ಸಾಲು, ಅರಿಕೆ ನಾಕು ಗಂಟೆ. ಒಬ್ಬ ತನ್ನ ಪ್ರಾಸವನ್ನೆಲ್ಲ ಜರೆದ. ಅದು ಚಕ್ಕುಲಿಯಾಗಿ ಬಿತ್ತು. ಇನ್ನೊಬ್ಬ ತನ್ನ ದುಃಖ ಬರೀ ಎರವಲು ಅಂದ; ಅದು ಪಾಯಸವಾಗಿ ಬಿತ್ತು, ಉಪ್ಪುಪ್ಪಾಗಿ ಚೆನ್ನಾಗಿತ್ತು. "ಎಂಥ ವಿನಯ! ಎಂಥ ವಿನಯ!" ಅಂತ ಬಾಯಿ ತುಂಬಿಕೊಂಡು ಹೊಗಳಿದರು. ಬಾಯಿ ತುಂಬಿತ್ತು ಅನ್ನುವುದು ಸುಳ್ಳಲ್ಲ.

ಊರಿನ ಅತಿ ದೊಡ್ಡ ಕವಿಯನ್ನು ಮೌನಕವಿ ಅನ್ನುತ್ತಿದ್ದರು. ಅವನು ಪ್ರಾಯದಲ್ಲಿ ಕಟ್ಟೆ ಹತ್ತಿ ತನ್ನ ಹಾಡಿನ ಎಲ್ಲ ಸಾಲುಗಳನ್ನೂ, ರಾಗವನ್ನೂ, ಕೊನೆಗೆ ತನ್ನ ಹೆಸರನ್ನೂ ತಪ್ಪು ಅಂದವನು. ಎಲ್ಲ ಬಿದ್ದವು, ಎಲ್ಲ ತಿಂದರು. ಉಳಿದದ್ದನ್ನು ಹಾಡು ಅಂದಾಗ ಅವನು ಬಾಯಿ ತೆರೆದ, ಏನೂ ಬರಲಿಲ್ಲ. ಜನ ಕಣ್ಣೀರು ಹಾಕಿಕೊಂಡು ತೇಗಿದರು. ಅವನಿಗೆ ಶಾಲು ಹೊದಿಸಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಅಂದಿನಿಂದ ಎಲ್ಲ ಪಂಕ್ತಿಗೂ ಅವನೇ ಅಧ್ಯಕ್ಷ. ಅಧ್ಯಕ್ಷನ ಭಾಷಣ ಅಂದರೆ ಅವನು ಎದ್ದು ನಿಂತು, ಬಾಯಿ ತೆರೆದು, ಮುಚ್ಚಿ, ಕೂರುವುದು. ನಮ್ಮ ಕಡೆಯ ಅಧ್ಯಕ್ಷರಿಗೂ ಈ ವಿದ್ಯೆ ಬಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ ನಾನು ಆಗಾಗ ಅಂದುಕೊಳ್ಳುತ್ತೇನೆ.

ಇನ್ನು ಪಂಕ್ತಿಯ ಯಜಮಾನ. ಅವನ ಹೊಟ್ಟೆ ಅವನಿಗಿಂತ ಮೊದಲು ಪಡಸಾಲೆಯ ಒಳಗೆ ಬರುತ್ತಿತ್ತು. ಮೂಗು ಚುರುಕು, ಹಾಡಿನೊಳಗೆ ಏಲಕ್ಕಿ ಎಲ್ಲಿದೆ, ತುಪ್ಪ ಎಲ್ಲಿದೆ ಅಂತ ಹಾಡುವ ಮೊದಲೇ ವಾಸನೆ ಹಿಡಿಯುತ್ತಿದ್ದ. ಅವನು ಯಾರನ್ನೂ ಬೈದವನಲ್ಲ. ಬೈದರೆ ಬೀಳುವುದಿಲ್ಲವಲ್ಲ! ಅವನು ಕೇಳುತ್ತಿದ್ದ, ಅಷ್ಟೇ. ಅಕ್ಕರೆಯಿಂದ, ತಲೆ ಓರೆ ಮಾಡಿ, "ಆ ಎರಡನೇ ಸಾಲಿನ ಬಗ್ಗೆ ನಿನಗೇ ಏನೂ ಅನ್ನಿಸಲಿಲ್ವೇನಪ್ಪ?" ಅನ್ನುತ್ತಿದ್ದ. ಅಷ್ಟಕ್ಕೇ ಗಟ್ಟಿ ಗಂಡಾಳುಗಳ ಎರಡನೇ ಸಾಲು ತೊಪ್ಪನೆ ಬೀಳುತ್ತಿತ್ತು.

ಹೀಗಾಗಿ ಆ ಊರಿನಲ್ಲಿ ಕವಿಗಳು ಬೇಕಾದಷ್ಟು, ಹಾಡು ಮಾತ್ರ ಇಲ್ಲ. ಪಡಸಾಲೆ ದಾಟದ ಹಾಡನ್ನು ಊರಲ್ಲಿ ಎಲ್ಲೂ ಹಾಡುವ ಹಾಗಿಲ್ಲ, ಪಡಸಾಲೆಗೆ ಹೋದ ಹಾಡು ಆಚೆಗೆ ಬಂದದ್ದಿಲ್ಲ. ಹೆಂಗಸರು ಸುಮ್ಮನೆ ಬೀಸುತ್ತಿದ್ದರು, ಸುಮ್ಮನೆ ನೀರು ಸೇದುತ್ತಿದ್ದರು. ಮಕ್ಕಳು ಅತ್ತರೆ ಅಳಲಿ ಅಂತ ಬಿಡುತ್ತಿದ್ದರು. ತೂಗಲು ತೊಟ್ಟಿಲಿತ್ತು, ತೂಗುವಾಗ ಹೇಳಲು ಏನೂ ಇರಲಿಲ್ಲ.

ಇಂಥ ಊರಿನಲ್ಲಿ ಒಬ್ಬಳು ಒಂದು ಹಾಡು ಕಟ್ಟಿದಳು.

ಅವಳನ್ನು ಹಾಡಿನವಳು ಅನ್ನೋಣ. ಹರೆಯವೂ ಅಲ್ಲ, ಮುಪ್ಪೂ ಅಲ್ಲ. ಅದೇ ಅವಳ ಮೊದಲ ಹಾಡು, ಬಹುಶಃ ಕೊನೆಯದೂ. ನಾಕೇ ಸಾಲು:

ಬಾವಿಯ ಹಗ್ಗವೆ, ಬಾವಿಯ ಹಗ್ಗವೆ, ಕೆಳಗಿನ ಚಂದಿರ ಹೇಗಿದ್ದಾನೆ?
ನಿನ್ನೆಗಿಂತ ತುಸು ತೆಳ್ಳಗೆ ಆಗಿ ನೀರಲಿ ನೆನೆದು ನಡುಗಿದ್ದಾನೆ.
ಬಿಂದಿಗೆ ತುಂಬ ಎತ್ತಿಕೊಂಡು ಬಂದೆ ಅಂತ ಓಡೋಡಿ ಮನೆಗೆ ಬಂದು ಬಗ್ಗಿ ನೋಡಿದರೆ
ಅಯ್ಯೋ, ಬಿಂದಿಗೆಯೊಳಗೆ ನಾನಿದ್ದೇನೆ.

ಮೂರನೇ ಸಾಲು ನೋಡಿದಿರಾ? ಕುಂಟುತ್ತದೆ. ಹಾಡುತ್ತ ಹಾಡುತ್ತ "ಓಡೋಡಿ" ಹತ್ತಿರ ಉಸಿರು ಸಾಲುವುದಿಲ್ಲ, ಅಲ್ಲಿ ಎಡವಿ, ಸುಧಾರಿಸಿಕೊಂಡು ಮುಂದೆ ಹೋಗಬೇಕು. ಅವಳಿಗೂ ಅದು ಗೊತ್ತಿತ್ತು. "ಓಡೋಡಿ" ತೆಗೆದು ನೋಡಿದಳು. ಸಾಲು ನೆಟ್ಟಗಾಯಿತು, ಆದರೆ ಸತ್ತ ಹಾಗಾಯಿತು. ಮತ್ತೆ ಹಾಕಿದಳು, ಬದುಕಿತು, ಕುಂಟಿತು. ತೆಗೆದಳು, ಹಾಕಿದಳು. ಅನ್ನ ಸೀದುಹೋಯಿತು. ಅದು ತಪ್ಪೋ ಸರಿಯೋ ಅವಳಿಗೆ ತಿಳಿಯಲಿಲ್ಲ. ಇದೆಲ್ಲ ನಿನಗೆ ಹೇಗೆ ಗೊತ್ತು ಅಂತ ಕೇಳಬೇಡಿ, ಗೊತ್ತಿಲ್ಲದ್ದನ್ನೇ ನಾನು ಚೆನ್ನಾಗಿ ಹೇಳುವುದು.

ಅವಳ ಅತ್ತಿಗೆ ಬುದ್ಧಿ ಹೇಳಿದಳು. "ಪಡಸಾಲೆಗೆ ಹೋಗಬೇಡ ಕಣೇ. ಇರೋದೇ ನಾಕು ಸಾಲು. ಅವರಿಗೆ ಒಂದು ತುತ್ತಿಗೂ ಸಾಲಲ್ಲ."

"ಹೋಗದೆ ಇದ್ರೆ?"

"ಮನಸ್ಸಲ್ಲೇ ಹಾಡಿಕೋ. ಯಾರು ಬೇಡ ಅಂತಾರೆ?"

"ಮನಸ್ಸಲ್ಲಿ ಹಾಡಿ ಹಾಡಿ ಸಾಕಾಗಿದೆ ಅತ್ತಿಗೆ. ನನಗೆ ಇನ್ನೊಬ್ಬರ ಬಾಯಲ್ಲಿ ಕೇಳಬೇಕು. ಒಂದೇ ಒಂದು ಸಲ."

ಇಷ್ಟೇ ಅವಳ ಆಸೆ. ಶಾಲು ಬೇಡ, ತೇಗು ಬೇಡ. ತಾನು ಕಟ್ಟಿದ್ದು ಇನ್ನೊಬ್ಬರ ಬಾಯಲ್ಲಿ ಇಡಿಯಾಗಿ ಬರಬೇಕು. ಅದಕ್ಕೆ ಇದ್ದ ದಾರಿ ಒಂದೇ, ಆ ದಾರಿಯ ಕೊನೆಯಲ್ಲಿ ಎಲೆ ಹಾಕಿಕೊಂಡು ಕೂತಿದ್ದರು.

ಅವಳು ಕಟ್ಟೆ ಹತ್ತಿದ ದಿನ ಪಡಸಾಲೆ ತುಂಬಿತ್ತು. ಹೊಸಬರ ಪಂಕ್ತಿ ಅಂದರೆ ಹಾಗೇ. ಹೊಸಬರ ಹಾಡು ಎಳೆಯದು, ಹೊಸಬರ ಹೆದರಿಕೆ ದೊಡ್ಡದು, ಕೇಳುವ ಮೊದಲೇ ಬೀಳುತ್ತದೆ. ಮೌನಕವಿ ಎದ್ದು ನಿಂತು ಬಾಯಿ ತೆರೆದು ಮುಚ್ಚಿ ಕೂತ. ಯಜಮಾನ ಎಲೆಗೆ ನೀರು ಚಿಮುಕಿಸಿ ಒರೆಸಿಕೊಂಡ. ಮೂಗನ್ನು ಮೇಲೆತ್ತಿ ಒಂದು ಸಲ ಎಳೆದುಕೊಂಡ. ಅವನ ಮುಖ ಅರಳಿತು.

"ಬಾ ತಾಯಿ, ಬಾ. ಹೆದರಬೇಡ. ನಿನ್ನ ಮನೆ ಅಂದುಕೋ."

ಅವಳು ಕೈಮುಗಿದಳು. "ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ."

"ಹಾಕ್ಕೊಳ್ತೀವಿ, ಹಾಕ್ಕೊಳ್ತೀವಿ" ಅಂದಿತು ಪಂಕ್ತಿ.

"ಎಲ್ಲಿಂದ ಶುರು ಮಾಡ್ತೀಯ? ಗಂಟಲಿಂದ ಮಾಡು. ಎಲ್ಲರೂ ಅಲ್ಲಿಂದಲೇ ಮಾಡೋದು" ಅಂದ ಯಜಮಾನ.

ಹೆದರಿದಾಗ ಮನುಷ್ಯ ಎದುರಿನವರು ಕೈಗಿಟ್ಟ ಮಾತನ್ನೇ ಹಿಡಿದುಕೊಳ್ಳುತ್ತಾನೆ. ಅವಳೂ ಹಿಡಿದುಕೊಂಡಳು. "ನನ್ನ ಗಂಟಲು ಚೆನ್ನಾಗಿಲ್ಲ" ಅಂದಳು.

ಅಂದದ್ದೇ ತಡ, ಅವಳ ಗಂಟಲಿನ ಇಂಪೆಲ್ಲ ನೂಲುನೂಲಾಗಿ ಬಿಚ್ಚಿಕೊಂಡು ಶಾವಿಗೆಯ ಹಾಗೆ ಹರಿವಾಣಕ್ಕೆ ಇಳಿಯಿತು. ಬಡಿಸಿದರು. ತಿಂದರು. ಸರ್ ಅಂತ ಎಳೆದುಕೊಂಡು ತಿಂದರು. ತೇಗಿದರು. ಅವಳು "ಅಯ್ಯೋ" ಅಂದಳು. ಆ "ಅಯ್ಯೋ" ಒಡಕು ಮಡಕೆಯ ಸದ್ದಿನಂತಿತ್ತು. ಅವಳು ಕುತ್ತಿಗೆ ಮುಟ್ಟಿ ನೋಡಿಕೊಂಡಳು. ಹೋದದ್ದು ಹೋಗಿತ್ತು. ಅದು ಮರಳಿ ಬರುವಂಥದ್ದಲ್ಲ ಸ್ವಾಮಿ, ಯಜಮಾನನ ಹೊಟ್ಟೆಗೆ ಹೋಗಿ ಬಂದದ್ದು ಏನಾಗುತ್ತದೆ ಅಂತ ನಿಮಗೂ ಗೊತ್ತು.

"ಭೇಷ್! ಎಂಥ ವಿನಯ!" ಅಂದ ಯಜಮಾನ, ಬೆರಳು ನೆಕ್ಕುತ್ತ. "ಈಗ ಮೊದಲನೇ ಸಾಲು. ಹಗ್ಗಾನ ಎರಡೆರಡು ಸಲ ಯಾಕಮ್ಮ ಕರೀಬೇಕು? ಅದಕ್ಕೇನು ಕಿವುಡೇ?"

ಪಂಕ್ತಿ ನಕ್ಕಿತು. "ಅದು... ಒಂದು ಸಲ ಸಾಕಿತ್ತೇನೋ..." ಅಂದಳು.

ಆಗ ಒಂದು ವಿಚಿತ್ರ ನಡೆಯಿತು. ಎರಡನೆಯ "ಬಾವಿಯ ಹಗ್ಗವೆ" ಹಾಡಿನಿಂದ ಅರ್ಧ ಕಳಚಿಕೊಂಡಿತು. ಕಟ್ಟೆಗೂ ಹರಿವಾಣಕ್ಕೂ ನಡುವೆ ಬಂದು ನಿಂತಿತು. ಬೀಳಲಿಲ್ಲ. ಸ್ವಲ್ಪ ಹೊತ್ತು ತೂಗಾಡಿ, ದಾರಿ ತಪ್ಪಿದ ಕರುವಿನ ಹಾಗೆ ಅತ್ತಿತ್ತ ನೋಡಿ, ವಾಪಸು ಹೋಗಿ ಹಾಡಿನಲ್ಲಿ ತನ್ನ ಜಾಗದಲ್ಲಿ ಕೂತುಕೊಂಡಿತು. ಸೌಟು ಹಿಡಿದು ಬಗ್ಗಿದ್ದ ಬಡಿಸುವವನು ಬಗ್ಗಿದ ಹಾಗೇ ಉಳಿದ. ಇವತ್ತಿಗೂ ಅವನ ಸೊಂಟ ಹಿಡಿದುಕೊಳ್ಳುತ್ತದೆ.

ಪಂಕ್ತಿಯಲ್ಲಿ ಗುಸುಗುಸು ಎದ್ದಿತು. ಹೀಗೆ ಯಾವತ್ತೂ ಆಗಿರಲಿಲ್ಲ. ಯಾಕೆಂದರೆ ಆ ಊರಿನ ಕವಿಗಳಲ್ಲಿ ಒಬ್ಬನಿಗೂ ತನ್ನ ಬಗ್ಗೆ ಅನುಮಾನ ಇರಲಿಲ್ಲ. ತಾವು ಕೆಟ್ಟವರು ಅಂತ ಎಲ್ಲರಿಗೂ ಪಕ್ಕಾ ಖಾತ್ರಿಯಿತ್ತು.

"ಏನೋ ಗೀನೋ ಅನ್ನಬೇಡ ತಾಯಿ" ಅಂದ ಯಜಮಾನ. ಅವನ ದನಿಯಲ್ಲಿ ಅಕ್ಕರೆ ಒಂದು ಹಿಡಿ ಕಮ್ಮಿಯಾಗಿತ್ತು. "ನೆಟ್ಟಗೆ ಹೇಳು. ಹೋಗಲಿ, ಅದು ಬಿಡು. ನಿನ್ನ ಮೂರನೇ ಸಾಲು ಕುಂಟುತ್ತದಲ್ಲ?"

ಇಷ್ಟು ದಿನ ಅನ್ನ ಸೀಯಿಸಿದ ಸಾಲು ಅದು. ಅದನ್ನು ತಪ್ಪು ಅಂದುಬಿಟ್ಟರೆ ಮುಗಿಯಿತು, ನೆಮ್ಮದಿ. ತೇಗು ಬರುತ್ತದೆ, "ವಿನಯ" ಅನ್ನುತ್ತಾರೆ, ಇನ್ನು ತೆಗೆಯುವ ಹಾಕುವ ಕೆಲಸವಿಲ್ಲ. ಅವಳ ನಾಲಿಗೆಯ ತುದಿಗೆ ಆ ಮಾತು ಬಂದೂ ಬಂತು. ಯಜಮಾನನ ಮೂಗಿನ ಹೊಳ್ಳೆ ಅಗಲವಾದವು. ಬೆರಳುಗಳು ಎಲೆಯ ಮೇಲೆ ಗೂಡು ಕಟ್ಟಿದವು.

"ಗೊತ್ತಿಲ್ಲ" ಅಂದಳು.

ಹರಿವಾಣದಲ್ಲಿ ಏನೂ ಬೀಳಲಿಲ್ಲ.

"ಗೊತ್ತಿಲ್ಲ ಅಂದ್ರೆ? ಕಟ್ಟಿದವಳು ನೀನು ತಾನೆ?"

"ನಾನೇ ಯಜಮಾನ್ರೇ. ಅದಕ್ಕೇ ಗೊತ್ತಾಗ್ತಿಲ್ಲ. ಕುಂಟುತ್ತೆ, ಅದು ನನಗೂ ಕಾಣುತ್ತೆ. ಕುಂಟೋದು ತಪ್ಪೋ, ಅದರ ನಡಿಗೆಯೇ ಹಾಗೋ, ಗೊತ್ತಿಲ್ಲ."

"ನಿಯಮ ಇದೆ ಕಣಮ್ಮ! ಕಟ್ಟೆ ಹತ್ತಿದವರು ಹೊಟ್ಟೆಗೆ ಹಾಕಿಕೊಳ್ಳಿ ಅಂದ ಮೇಲೆ ಹಾಕಬೇಕು. ಜನ ಎಲೆ ಮುಂದೆ ಕಾಯ್ತಾ ಕೂತಿದ್ದಾರೆ."

"ತಪ್ಪಿದ್ದರೆ ಅಂದೆ" ಅಂದಳು ಹಾಡಿನವಳು. ಒಡಕು ದನಿ ಪಡಸಾಲೆಯ ಮೂಲೆಗೆ ಹೋಗಿ ಬಡಿಯಿತು. "ಇದೆ ಅನ್ನಲಿಲ್ಲ. ಇದ್ದರೆ ಅಂದೆ. ಇದೆಯೋ ಇಲ್ಲವೋ ನನಗೊಬ್ಬಳಿಗೆ ಗೊತ್ತಾಗಿದ್ದಿದ್ರೆ ನಿಮ್ಮ ಮುಂದೆ ಯಾಕೆ ಬರ್ತಿದ್ದೆ? ಮೊದಲು ಕೇಳಿ. ಆಮೇಲೆ ನೋಡೋಣ."

ಪಂಕ್ತಿಯ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ಸಾಲಿನಲ್ಲಿ ಒಬ್ಬ, "ಇದ್ದರೆ ಅಂತಾನೇ ಇದೆಯೇನ್ರೀ ಮಾತಿನಲ್ಲಿ?" ಅಂದ. "ಇದೆಯಂತೆ" ಅಂದ ಪಕ್ಕದವನು. "ಥೂ, ಇಷ್ಟು ದಿನ ಕೇಳಿಸಿಯೇ ಇರಲಿಲ್ಲ." ಹೇಗೆ ಕೇಳಿಸುತ್ತದೆ? ಆ ಮಾತಿನಲ್ಲಿ ಅವರಿಗೆ ಬೇಕಾದದ್ದು ಹೊಟ್ಟೆ ಮಾತ್ರ. ಮುಂದೆ ಜೋತುಬಿದ್ದಿದ್ದ ಸಣ್ಣದೊಂದು "ರೆ" ಯಾರ ಹಲ್ಲಿಗೂ ಸಿಕ್ಕಿರಲಿಲ್ಲ.

ಅವಳು ಹಾಡಿದಳು.

ಚೆನ್ನಾಗಿ ಹಾಡಿದಳು ಅಂತ ನಾನು ಹೇಳಿದರೆ ಅದು ಇವತ್ತಿನ ಎರಡನೇ ದೊಡ್ಡ ಸುಳ್ಳಾಗುತ್ತದೆ. ಇಂಪು ಹೋಗಿತ್ತಲ್ಲ. ಮೊದಲ ಸಾಲು ಗೊರಗೊರ ಅಂದಿತು. ಎರಡನೇ ಸಾಲು ನಡುಗಿತು. ಮೂರನೇ ಸಾಲಿನಲ್ಲಿ "ಓಡೋಡಿ" ಹತ್ತಿರ ಎಂದಿನಂತೆ ಎಡವಿದಳು, ಉಸಿರು ನಿಂತಿತು. ಅವಳ ಉಸಿರು ನಿಂತಾಗ ಪಡಸಾಲೆಯ ಉಸಿರೂ ನಿಂತಿತು. ಬೀಳುತ್ತಾಳೋ ಏನೋ ಅಂತ ಎಲ್ಲರೂ ಎಲೆಯ ಮೇಲಿಂದ ಮುಂದಕ್ಕೆ ಬಾಗಿದರು. ಆಮೇಲೆ ಅವಳು ಬಿಂದಿಗೆಯೊಳಗೆ ಬಗ್ಗಿ ನೋಡಿದಳು. "ಅಯ್ಯೋ" ಅಂದಳು. ಮುಗಿಯಿತು.

ಯಾರೂ ತೇಗಲಿಲ್ಲ. ತೇಗಲು ಹೊಟ್ಟೆಯಲ್ಲಿ ಏನಿತ್ತು?

ಯಜಮಾನ ಎದ್ದು ನಿಂತು ಕೂಗಿದ. "ತಪ್ಪು! ಮೂರನೇ ಸಾಲು ತಪ್ಪು!" ಒಂದಕ್ಷರವೂ ಅಲುಗಲಿಲ್ಲ. "ಹಗ್ಗ ಎರಡು ಸಲ, ತಪ್ಪು! ಚಂದ್ರ ನೆನೆಯೋದು, ಶುದ್ಧ ತಪ್ಪು!" ಹಾಡು ಕಟ್ಟೆಯ ಮೇಲೆ ಹಾಗೇ ನಿಂತಿತ್ತು. ಜನ ಎಲೆ ಮಡಚಿದರು. ಏನೂ ಬಡಿಸದ ಎಲೆಯನ್ನು ಮಡಚುವುದಕ್ಕಿಂತ ದೊಡ್ಡ ಅವಮಾನ ಆ ಊರಿನಲ್ಲಿ ಇರಲಿಲ್ಲ. "ಅಹಂಕಾರ" ಅಂತ ಒಬ್ಬಳು ಅಂದಳು. "ನಾಕು ಸಾಲಿಗೆ ಎಷ್ಟು ಜಂಬ" ಅಂತ ಇನ್ನೊಬ್ಬ ಅಂದ. ಬೈದುಕೊಂಡು, ಹಸಿದುಕೊಂಡು ಮನೆಗೆ ಹೋದರು.

ಒಬ್ಬನು ಮಾತ್ರ ಏಳಲಿಲ್ಲ. ಮೌನಕವಿ. ಅವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ತುಟಿ ಏನನ್ನೋ ಹುಡುಕುತ್ತಿತ್ತು. ತನ್ನ ಹಾಡು ಯಾವ ಅಕ್ಷರದಿಂದ ಶುರುವಾಗುತ್ತಿತ್ತು ಅನ್ನುವುದನ್ನು ಹುಡುಕುತ್ತಿತ್ತೋ ಏನೋ. ಸಿಗಲಿಲ್ಲ. ಶಾಲಿನಲ್ಲಿ ಮುಖ ಒರೆಸಿಕೊಂಡ. ಬಡಿಸುವವನು ಸುಮ್ಮನೆ ಸೌಟು ತೊಳೆಯುತ್ತ ಆ ಕಡೆ ತಿರುಗಿ ನಿಂತ.

ಹಾಡಿನವಳು ಮನೆಗೆ ಬಂದು ಮೂಲೆ ಸೇರಿದಳು. "ಇಂಪೂ ಹೋಯ್ತು, ಹಾಡೂ ಯಾರಿಗೂ ಹಿಡಿಸಲಿಲ್ಲ" ಅಂದಳು.

"ಹಾಡು ಇದೆಯಾ?" ಅಂದಳು ಅತ್ತಿಗೆ.

"ಇದೆ."

"ಹಾಗಾದ್ರೆ ಊಟಕ್ಕೇಳು."

ಊಟಕ್ಕೆದ್ದಳು, ಆದರೆ ಕೈ ಅನ್ನದಲ್ಲಿ, ಮನಸ್ಸು ಮೂರನೇ ಸಾಲಿನಲ್ಲಿ. ಮುಂದಿನ ಎಷ್ಟೋ ದಿನ ಅವಳು ಹೊರಗೆ ಕಾಲಿಡಲಿಲ್ಲ. ತೆಗೆದಳು, ಹಾಕಿದಳು. ತಿದ್ದಿದಳು.

ಅತ್ತ ಊರಿನಲ್ಲಿ ಏನಾಯಿತು ಕೇಳಿ. ಅವತ್ತು ಪಂಕ್ತಿಯಿಂದ ಎಲ್ಲರೂ ಖಾಲಿ ಬಾಯಲ್ಲಿ ಮನೆಗೆ ಹೋಗಿದ್ದರಲ್ಲ? ತುಂಬಿದ ಬಾಯಲ್ಲಿ ಹಾಡಿಗೆ ಜಾಗವಿರುವುದಿಲ್ಲ. ಖಾಲಿ ಬಾಯಿ ಅಂದರೆ ಬಾಗಿಲು ತೆಗೆದಿಟ್ಟ ಮನೆ, ಹಾಡು ನುಗ್ಗಿ ಕೂತುಬಿಟ್ಟಿತ್ತು. ಬೆಳಿಗ್ಗೆ ಹಲ್ಲುಜ್ಜುತ್ತ ಒಬ್ಬ "ಬಾವಿಯ ಹಗ್ಗವೆ" ಅಂದ. ಗೋಡೆಯಾಚೆ ಇನ್ನೊಬ್ಬಳು "ಬಾವಿಯ ಹಗ್ಗವೆ" ಅಂದಳು. ಅದಕ್ಕೇ ಎರಡು ಸಲ ಇತ್ತು ನೋಡಿ, ಒಬ್ಬರು ಕರೆದರೆ ಇನ್ನೊಬ್ಬರು ಓಗೊಡಲು. ಹಾಗಂತ ಅವಳು ಯೋಚಿಸಿ ಇಟ್ಟಿದ್ದಳು ಅಂತ ನೀವು ತಿಳಿಯಬೇಡಿ, ಅವಳಿಗೆ ಅದೂ ಗೊತ್ತಿರಲಿಲ್ಲ.

ಬೀಸುವ ಕಲ್ಲಿನ ಮುಂದೆ ಹಾಡಿದರು. ತೊಟ್ಟಿಲ ಮುಂದೆ ಹಾಡಿದರು. ಎಲ್ಲರೂ ಮೂರನೇ ಸಾಲಿನಲ್ಲಿ ಎಡವಿದರು. ಎಡವಿದಲ್ಲಿ ಮಗು ಕಣ್ಣು ಬಿಟ್ಟು ನೋಡುತ್ತಿತ್ತು, "ಅಯ್ಯೋ" ಅಂದಾಗ ನಗುತ್ತಿತ್ತು. ಸ್ವತಃ ಯಜಮಾನ ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು, ಯಾರಿಗೂ ಕೇಳಿಸದ ಹಾಗೆ, ಅಂದರೆ ಇಡೀ ಬೀದಿಗೆ ಕೇಳಿಸುವ ಹಾಗೆ ಹಾಡಿದ. ಅವನು ಎಡವಿದ ಸದ್ದಿಗೆ ಹಂಡೆ ಉರುಳಿತು ಅಂತ ಒಂದು ಸುದ್ದಿ.

ಆದರೆ ಯಜಮಾನ ಯಜಮಾನನೇ ತಾನೆ? ಹಾಡು ಊರೆಲ್ಲ ಹಬ್ಬಿದ ಮೇಲೆ ಅವನು ಪಡಸಾಲೆಯಲ್ಲಿ ಸಭೆ ಕರೆದ. ಈ ಹಾಡಿನ ಹಿರಿಮೆಯನ್ನು ಮೊದಲು ಗುರುತಿಸಿದವನು ತಾನೇ ಅಂದ. ಇನ್ನು ಮೇಲೆ ಊರಿನ ಎಲ್ಲ ಹಾಡುಗಳ ಮೂರನೇ ಸಾಲೂ ಕುಂಟತಕ್ಕದ್ದು ಅಂತ ನಿಯಮ ಮಾಡಿದ. ಎಡವುವುದನ್ನು ಕಲಿಸಲು ಗುರುಗಳನ್ನು ನೇಮಿಸಿದ. ಬಲಗಾಲಿನ ಎಡವು ಶ್ರೇಷ್ಠವೋ ಎಡಗಾಲಿನ ಎಡವು ಶ್ರೇಷ್ಠವೋ ಅಂತ ಎರಡು ಪಂಗಡವಾಗಿ, ತಲೆಗೆ ಪೆಟ್ಟು ಬೀಳುವವರೆಗೂ ಹೋಯಿತು. "ನನ್ನ ಮೂರನೇ ಸಾಲು ಸಾಕಷ್ಟು ಕುಂಟುವುದಿಲ್ಲ, ಹೊಟ್ಟೆಗೆ ಹಾಕಿಕೊಳ್ಳಿ" ಅಂತ ಹೊಸ ಕವಿಗಳು ಕಟ್ಟೆಯ ಮುಂದೆ ಸಾಲು ನಿಂತರು. ಊರು ಸುಧಾರಿಸಿತು ಅಂತ ನಾನು ಹೇಳಿದೆನೇ? ನಾನು ಎಷ್ಟೇ ಸುಳ್ಳು ಹೇಳಿದರೂ ಅಷ್ಟು ದೊಡ್ಡದನ್ನು ಹೇಳುವುದಿಲ್ಲ.

ಇದ್ಯಾವುದೂ ಹಾಡಿನವಳಿಗೆ ತಿಳಿಯದು. ಒಂದು ಬೆಳಿಗ್ಗೆ ಅವಳಿಗೆ ಮೂರನೇ ಸಾಲು ಕೊನೆಗೂ ಕೈಗೆ ಸಿಕ್ಕಿತು. ನೆಟ್ಟಗೆ, ನುಣ್ಣಗೆ, ಎಲ್ಲೂ ಉಸಿರು ಹಿಡಿಯದ ಸಾಲು: "ಬಿಂದಿಗೆ ತುಂಬಿದೆ, ಬೇಗನೆ ಬಂದೆನು, ಬಗ್ಗಿ ನೋಡಿದರೆ ಎಲ್ಲಿದ್ದಾನೆ?" ಅಬ್ಬ! ಅವಳು ಬಿಂದಿಗೆ ಎತ್ತಿಕೊಂಡು, ಎಷ್ಟೋ ದಿನದ ಮೇಲೆ, ಬಾವಿಗೆ ಹೊರಟಳು.

ಬಾವಿಕಟ್ಟೆಯ ಮೇಲೆ ಒಬ್ಬ ಮುದುಕಿ ನೀರು ಸೇದುತ್ತಿದ್ದಳು. ಪಕ್ಕದ ಕೇರಿಯವಳು, ಮಂಡಿ ನೋವಿನಿಂದ ಪಡಸಾಲೆಯ ಕಡೆ ತಲೆ ಹಾಕಿದವಳಲ್ಲ, ಹಾಡಿನವಳ ಮುಖ ಕಂಡವಳಲ್ಲ. ಹಗ್ಗ ಎಳೆಯುತ್ತ, ಬೊಚ್ಚುಬಾಯಲ್ಲಿ, ತನ್ನ ಪಾಡಿಗೆ ತಾನು ಹಾಡುತ್ತಿದ್ದಳು:

ಬಾವಿಯ ಹಗ್ಗವೆ, ಬಾವಿಯ ಹಗ್ಗವೆ...

ಹಾಡಿನವಳ ಕೈಯಿಂದ ಬಿಂದಿಗೆ ಜಾರಿತು. ಮುದುಕಿ ಎರಡನೇ ಸಾಲಿಗೆ ಬಂದಳು. ಮೂರನೇ ಸಾಲಿಗೆ ಬಂದಳು. "ಓಡೋಡಿ" ಹತ್ತಿರ ಹಗ್ಗ ನಿಲ್ಲಿಸಿ ಉಸಿರು ತೆಗೆದುಕೊಂಡಳು. ಹಗ್ಗ ಎಳೆಯುವವರಿಗೆ ಸರಿಯಾಗಿ ಅಲ್ಲೇ ಕೈ ಬದಲಾಯಿಸಬೇಕಾಗುತ್ತದೆ. ಕೈ ಬದಲಾಯಿಸಿದಳು, ಎಳೆದಳು, "ಅಯ್ಯೋ" ಅಂದಳು. ಬಿಂದಿಗೆ ಮೇಲೆ ಬಂತು. ಇಡಿಯಾಗಿ, ನಾಕೂ ಸಾಲು, ಇನ್ನೊಬ್ಬರ ಬಾಯಲ್ಲಿ.

ಹಾಡಿನವಳು ಬಗ್ಗಿ, ಜಾರಿದ ಬಿಂದಿಗೆಯನ್ನು ಎತ್ತಿಕೊಂಡಳು. ಆದರೆ ಕಟ್ಟುವವರ ಚಪಲ ನಿಮಗೆ ಗೊತ್ತಲ್ಲ, ಸುಮ್ಮನಿರಲು ಬಿಡುವುದಿಲ್ಲ. "ಅಜ್ಜೀ, ಆ ಮೂರನೇ ಸಾಲು ಹಾಗಲ್ಲ, ಹೀಗೆ" ಅಂತ ತನ್ನ ಹೊಸ ಸಾಲನ್ನು, ಒಡಕು ದನಿಯಲ್ಲಿ, ಹಾಡಿ ತೋರಿಸಿದಳು.

ಮುದುಕಿ ಹಗ್ಗ ಬಿಟ್ಟು ಸೊಂಟದ ಮೇಲೆ ಕೈಯಿಟ್ಟಳು.

"ಯಾವ ಕೇರಿಯವಳೇ ನೀನು? ನಿನ್ನ ಗಂಟಲಿಗಿಷ್ಟು ಬೆಂಕಿ ಹಾಕ! ಅಲ್ಲಿ ಎಡವಬೇಕು ಕಣೇ. ಎಡವದೆ ಹೋದ್ರೆ ಕೈ ಬದಲಾಯಿಸೋದು ಎಲ್ಲಿ, ನಿನ್ನ ತಲೆ ಮೇಲಾ? ಕಟ್ಟಿದ ಮಹಾತಾಯಿ ಎಲ್ಲಾ ತಿಳಿದು, ಅಳೆದು ಸುರಿದು ಕಟ್ಟಿದ್ದಾಳೆ. ನಿನ್ನಂಥ ಅರೆಬರೆಯವರು ಸೇರಿಕೊಂಡು ಕೆಡಿಸಬೇಡಿ."

"ಅವಳಿಗೆ ಅಷ್ಟೊಂದು ತಿಳಿದಿರಲಿಲ್ಲವೇನೋ ಅಜ್ಜಿ."

"ನೀನು ಕಂಡಿದ್ದೆಯಾ?"

"ಇಲ್ಲ" ಅಂದಳು ಹಾಡಿನವಳು.

"ಮತ್ತೆ ಬಾಯಿ ಮುಚ್ಚು. ಈ ಕಡೆ ಬಂದು ಹಗ್ಗ ಹಿಡಿ, ನನಗೆ ರಟ್ಟೆ ಸೋತಿದೆ. ಹ್ಞೂಂ, ಮೊದಲಿಂದ ಹೇಳು."

ಅವಳು ಹಗ್ಗ ಹಿಡಿದಳು. ಮೊದಲಿನಿಂದ ಹೇಳಿದಳು. ಮೂರನೇ ಸಾಲಿನಲ್ಲಿ ಮುದುಕಿ ಅವಳ ಬಾಯನ್ನೇ ನೋಡುತ್ತಿದ್ದಳು. ಅವಳು ಎಡವಿದಳು.

"ಹಾಗೆ" ಅಂದಳು ಮುದುಕಿ. "ಪರವಾಗಿಲ್ಲ, ಕಲೀತೀಯ."

ಅಷ್ಟೇ ಕಥೆ. ಏಳಿ ಸ್ವಾಮಿ, ನಿಮ್ಮ ಬಸ್ಸು ತಿರುವಿನಲ್ಲಿ ಹಾರ್ನ್ ಹಾಕುತ್ತಿದೆ. ಅದೇ ನಿಮ್ಮ ಬಸ್ಸು, ನಾನು ಯಾಕೆ ಸುಳ್ಳು ಹೇಳಲಿ? ಹೋಗುವಾಗ ಹಾಗೇ ಗಲ್ಲಾಪೆಟ್ಟಿಗೆಯ ಹತ್ತಿರ ನನ್ನ ಟೀದೂ ಸೇರಿಸಿ ಕೊಟ್ಟುಬಿಡಿ. ಎರಡು ಬನ್ನು ಅಂತ ಅಂಗಡಿಯವನು ಹೇಳಿದರೆ ನಂಬಬೇಡಿ. ಮೂರು.